ವೆಲ್ಶ್ ಅಂದರೆ ಹಳೆ ಇಂಗ್ಲಿಷಾ?

ಪ್ರಶ್ನೆ: ನಾವು ಕೆಲವು ವರ್ಷಗಳಿಂದ ವೇಲ್ಸ್‌ನ ಕಾರ್ಡಿಫ್‌ನಲ್ಲಿದ್ದೇವೆ. ಮನೆಯಲ್ಲಿ ಕನ್ನಡವೇ ಮಾತು. ಮಗಳಿಗೆ ನಾಲ್ಕು ತುಂಬುತ್ತಿದೆ, ಶಾಲೆಗೆ ಹಾಕಬೇಕು. ಹತ್ತಿರದಲ್ಲೇ ಒಂದು ವೆಲ್ಶ್ ಮಾಧ್ಯಮದ ಶಾಲೆ ಇದೆ. ಪರಿಚಯದವರೊಬ್ಬರು, "ವೆಲ್ಶ್ ಅಂದರೆ ಇಂಗ್ಲಿಷಿನ ಮೂಲ ರೂಪ. ಇಂಗ್ಲಿಷ್ ಹುಟ್ಟುವ ಮೊದಲು ಇಡೀ ಇಂಗ್ಲೆಂಡ್ ಅದನ್ನೇ ಆಡುತ್ತಿತ್ತು. ಅದು ಬಂದರೆ ಮಗುವಿನ ಇಂಗ್ಲಿಷ್ ಗಟ್ಟಿಯಾಗುತ್ತೆ" ಎಂದರು. ಇನ್ನೊಬ್ಬರು, "ಎರಡಕ್ಕೂ ಏನೇನೂ ಸಂಬಂಧ ಇಲ್ಲ, ಸುಮ್ನೆ ಮಗುವಿಗೆ ಹೊರೆ" ಎಂದರು. ನಾನು ಇಂಗ್ಲಿಷ್ ಸಾಹಿತ್ಯ ಓದಿದವಳು. ಹಳೆ ಇಂಗ್ಲಿಷಿನ ಬೇವುಲ್ಫ್ ಕಾವ್ಯವನ್ನು ಮೂಲದಲ್ಲಿ ಓದಬೇಕೆಂಬ ಆಸೆ ಇದೆ. ವೆಲ್ಶ್ ಕಲಿತರೆ ಹಳೆ ಇಂಗ್ಲಿಷ್ ಸುಲಭ ಆಗುತ್ತಾ? ಮಗಳನ್ನು ಯಾವ ಶಾಲೆಗೆ ಹಾಕಲಿ?

ಉತ್ತರ: ನಿಮಗೆ ಸಲಹೆ ಕೊಟ್ಟ ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜ ಇದೆ, ಹೆಚ್ಚಿನದು ತಪ್ಪು. ನಿಮ್ಮ ಆತಂಕ ಎರಡು. ಮಗುವಿಗೆ ಇದರಿಂದ ಇಂಗ್ಲಿಷಿನಲ್ಲಿ ಲಾಭವೋ ನಷ್ಟವೋ ಅನ್ನೋದು ಒಂದು. ನಿಮ್ಮ ಓದಿಗೆ ವೆಲ್ಶ್ ಮೆಟ್ಟಿಲಾಗುತ್ತದೋ ಇಲ್ಲವೋ ಅನ್ನೋದು ಇನ್ನೊಂದು. ಎರಡಕ್ಕೂ ಉತ್ತರ ಹೇಳಬೇಕಾದರೆ ಮೊದಲು ಈ "ಮೂಲ ರೂಪ" ಅನ್ನುವ ಮಾತನ್ನು ಬಿಡಿಸಿಕೊಳ್ಳಬೇಕು. ಭಾಷಾ ಚರಿತ್ರೆ ಪಾಠ ಮಾಡುವಾಗ ಪ್ರತಿ ವರ್ಷವೂ ಯಾರಾದರೂ ಒಬ್ಬ ವಿದ್ಯಾರ್ಥಿ ಇದನ್ನೇ ಕೇಳುತ್ತಾನೆ. ಹಾಗಾಗಿ ಗೊಂದಲ ನಿಮ್ಮೊಬ್ಬರದ್ದೇ ಅಲ್ಲ.

"ಹಳೆಯದು" ಎನ್ನುವಾಗ ನಾವು ಎರಡು ಬೇರೆ ವಿಷಯಗಳನ್ನು ಬೆರೆಸಿಬಿಡುತ್ತೇವೆ. ಆ ನೆಲದಲ್ಲಿ ಮೊದಲು ಯಾರಿದ್ದರು ಅನ್ನೋದು ಒಂದು. ಯಾವ ಭಾಷೆಯಿಂದ ಯಾವ ಭಾಷೆ ಹುಟ್ಟಿತು ಅನ್ನೋದು ಇನ್ನೊಂದು. ನೆಲದ ಲೆಕ್ಕದಲ್ಲಿ ವೆಲ್ಶ್ ಹಿರಿಯದು, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಇಂಗ್ಲಿಷಿನ ವಂಶಾವಳಿಯಲ್ಲಿ ವೆಲ್ಶ್ ಎಲ್ಲೂ ಬರುವುದಿಲ್ಲ. ತಾಯಿಯೂ ಅಲ್ಲ, ಅಜ್ಜಿಯೂ ಅಲ್ಲ.

ರೋಮನ್ನರು ಕ್ರಿ.ಶ. 43ರಲ್ಲಿ ಬ್ರಿಟನ್ನಿಗೆ ದಂಡೆತ್ತಿ ಬಂದಾಗ ಆ ದ್ವೀಪದ ಬಹುಭಾಗದ ಜನ ಆಡುತ್ತಿದ್ದದ್ದು ಬ್ರಿಟಾನಿಕ್ ಎಂಬ ಕೆಲ್ಟಿಕ್ ಭಾಷೆ. ದಕ್ಷಿಣದ ಕಡಲಿನಿಂದ ಇವತ್ತಿನ ಸ್ಕಾಟ್ಲೆಂಡಿನ ಫೋರ್ತ್ ನದಿಯ ಮುಖದವರೆಗೂ ಅದೇ. ವೆಲ್ಶ್ ಅದರ ಮಗಳು. ಕಾರ್ನ್‌ವಾಲ್‌ನ ಕಾರ್ನಿಷ್, ಕಡಲು ದಾಟಿ ಫ್ರಾನ್ಸಿಗೆ ಹೋದವರ ಬ್ರೆಟನ್, ಇವು ವೆಲ್ಶ್‌ನ ಒಡಹುಟ್ಟುಗಳು. ಸುಮಾರು 410ರ ಹೊತ್ತಿಗೆ ರೋಮನ್ ಆಡಳಿತ ಮುಗಿಯಿತು. ಆಮೇಲೆ ಇವತ್ತಿನ ಉತ್ತರ ಜರ್ಮನಿ ಮತ್ತು ಡೆನ್ಮಾರ್ಕ್ ಕಡೆಯಿಂದ ಆಂಗಲ್, ಸ್ಯಾಕ್ಸನ್, ಜ್ಯೂಟ್ ಜನ ದೋಣಿ ಹತ್ತಿ ಬಂದರು. 731ರಲ್ಲಿ ಇತಿಹಾಸ ಬರೆದು ಮುಗಿಸಿದ ಬೀಡ್ ಎಂಬ ಸನ್ಯಾಸಿ ಈ ಆಗಮನಕ್ಕೆ ಕೊಡುವ ವರ್ಷ 449. ನಮ್ಮ ಹಲ್ಮಿಡಿ ಶಾಸನಕ್ಕೆ ಸಾಮಾನ್ಯವಾಗಿ ಹೇಳುವ ಕಾಲವೂ ಸುಮಾರು ಅದೇ, 450. ಕನ್ನಡ ಕಲ್ಲಿನ ಮೇಲೆ ಬರುತ್ತಿದ್ದಾಗ ಇಂಗ್ಲಿಷ್ ಇನ್ನೂ ದೋಣಿಯಿಂದ ಇಳಿಯುತ್ತಿತ್ತು!

ಹಾಗೆ ಬಂದವರ ಮಾತೇ ಹಳೆ ಇಂಗ್ಲಿಷ್. ಅದು ಜರ್ಮ್ಯಾನಿಕ್ ಗುಂಪಿನದು. ಅದರ ಅತಿ ಹತ್ತಿರದ ನೆಂಟ ನೆದರ್ಲೆಂಡ್ಸ್ ಕರಾವಳಿಯ ಫ್ರಿಸಿಯನ್. ಅಂದರೆ ಇಂಗ್ಲಿಷ್ ವೆಲ್ಶ್‌ನಿಂದ ಮೊಳೆತದ್ದಲ್ಲ. ಹೊರಗಿನಿಂದ ಬಂದು ಅದರ ಪಕ್ಕದಲ್ಲಿ ನೆಲೆ ನಿಂತದ್ದು, ಆಮೇಲೆ ಅದರ ಜಾಗವನ್ನೇ ಹಿಡಿದದ್ದು. 577ರಲ್ಲಿ ಡೈರಮ್ ಎಂಬಲ್ಲಿ ನಡೆದ ಯುದ್ಧದ ನಂತರ ಬಾತ್, ಗ್ಲಾಸ್ಟರ್, ಸೈರೆನ್ಸೆಸ್ಟರ್ ಪಟ್ಟಣಗಳು ಸ್ಯಾಕ್ಸನ್ನರ ಕೈಸೇರಿದವು. ವೇಲ್ಸ್ ಮತ್ತು ಕಾರ್ನ್‌ವಾಲ್ ನಡುವಿನ ದಾರಿ ಕಡಿಯಿತು. 616ರ ಸುಮಾರಿನ ಚೆಸ್ಟರ್ ಯುದ್ಧದ ನಂತರ ಉತ್ತರದ ಬ್ರಿಟನ್ನರೂ, ಅಂದರೆ ಬ್ರಿಟಾನಿಕ್ ಆಡುವ ಜನರೂ, ಬೇರೆಯಾಗತೊಡಗಿದರು. ಎಂಟನೇ ಶತಮಾನದ ಕೊನೆಯ ಭಾಗದಲ್ಲಿ ಮರ್ಸಿಯಾ ಎಂಬ ಇಂಗ್ಲಿಷ್ ರಾಜ್ಯದ ದೊರೆ ಆಫ ಗಡಿಯುದ್ದಕ್ಕೂ ಮಣ್ಣಿನ ದಿಬ್ಬ ಎಬ್ಬಿಸಿದ. ಅದು ಇವತ್ತೂ ಇದೆ, ಪಕ್ಕದಲ್ಲಿ ನಡೆದು ಹೋಗಬಹುದು.

ಹಾಗಾದರೆ "ಏನೇನೂ ಸಂಬಂಧ ಇಲ್ಲ" ಎಂದವರು ಸರಿಯಾ? ಅವರೂ ಅಲ್ಲ. ಕೆಲ್ಟಿಕ್ ಮತ್ತು ಜರ್ಮ್ಯಾನಿಕ್ ಎರಡೂ ಇಂಡೋ-ಯುರೋಪಿಯನ್ ಎಂಬ ದೊಡ್ಡ ಕುಟುಂಬದ ಬೇರೆ ಬೇರೆ ಕವಲುಗಳು. ಸಂಸ್ಕೃತ, ಹಿಂದಿ ಕೂಡ ಅದೇ ಕುಟುಂಬದವು. ವಂಶದ ಲೆಕ್ಕದಲ್ಲಿ ಹಿಂದಿ ಹೇಗೆ ಇಂಗ್ಲಿಷಿಗೆ ಬೇರೆ ಕವಲೋ ವೆಲ್ಶ್ ಕೂಡ ಹಾಗೇ ಬೇರೆ ಕವಲು. ಹಿಂದಿ ಬಂದರೆ ಇಂಗ್ಲಿಷ್ ಗಟ್ಟಿಯಾಗುತ್ತೆ ಎಂದು ಯಾರೂ ಹೇಳುವುದಿಲ್ಲ ಅಲ್ವಾ?

ಕನ್ನಡ ಈ ಕುಟುಂಬದ್ದಲ್ಲ. ಆದರೆ ನಾವು ಸಂಸ್ಕೃತದಿಂದ ತಂದುಕೊಂಡ ಪದಗಳು ಇಲ್ಲಿ ಒಳ್ಳೆಯ ಸಾಕ್ಷಿ ಹೇಳುತ್ತವೆ. ನಮ್ಮ "ದಂತ" ವೆಲ್ಶ್‌ನಲ್ಲಿ "ದಾಂತ್", ಹಳೆ ಇಂಗ್ಲಿಷಿನಲ್ಲಿ "ತೋಥ್". ನಮ್ಮ "ಶತ" ವೆಲ್ಶ್‌ನಲ್ಲಿ "ಕಾಂತ್", ಹಳೆ ಇಂಗ್ಲಿಷಿನಲ್ಲಿ "ಹುಂಡ್". "ಶ್ವಾನ"ಕ್ಕೆ ವೆಲ್ಶ್‌ನಲ್ಲಿ "ಕೀ", ಬಹುವಚನ "ಕೂನ್". ಹಳೆ ಇಂಗ್ಲಿಷಿನಲ್ಲಿ ಇದೂ "ಹುಂಡ್". ನೂರಕ್ಕೂ ನಾಯಿಗೂ ಒಂದೇ ರೂಪ, ಓದುವವರು ಸಂದರ್ಭ ನೋಡಿಕೊಳ್ಳಬೇಕು. "ಪೂರ್ಣ" ವೆಲ್ಶ್‌ನಲ್ಲಿ "ಹ್ಲೌನ್", ಹಳೆ ಇಂಗ್ಲಿಷಿನಲ್ಲಿ "ಫುಲ್". "ದಶ" ಅಲ್ಲಿ "ದೇಗ್", ಇಲ್ಲಿ "ತೀಯೆನ್".

ಗಮನಿಸಿ ನೋಡಿದರೆ ಇದು ಮನಬಂದಂತೆ ಆದ ಬದಲಾವಣೆ ಅಲ್ಲ. ಜರ್ಮ್ಯಾನಿಕ್ ಕವಲಿನಲ್ಲಿ ಹಳೆಯ ಪಕಾರ ಫಕಾರವಾಯಿತು, ಕಕಾರ ಹಕಾರವಾಯಿತು, ದಕಾರ ತಕಾರವಾಯಿತು. ಇದಕ್ಕೆ ಗ್ರಿಮ್ ನಿಯಮ ಎಂದು ಹೆಸರು. ಜಾನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸೋದರರಲ್ಲಿ ಒಬ್ಬನಾದ ಯಾಕೋಬ್ ಗ್ರಿಮ್ ಇದನ್ನು 1822ರಲ್ಲಿ ವಿವರವಾಗಿ ಬರೆದಿಟ್ಟ. ಕೆಲ್ಟಿಕ್ ಕವಲಿನಲ್ಲಿ ಈ ಪಲ್ಲಟ ಆಗಲೇ ಇಲ್ಲ. ಅಲ್ಲಿ ಆದದ್ದು ಬೇರೆ: ಹಳೆಯ ಪಕಾರವೇ ಬಿದ್ದುಹೋಯಿತು. ಅದಕ್ಕೇ "ಪೂರ್ಣ"ದ ಪಕಾರ ವೆಲ್ಶ್‌ನಲ್ಲಿ ಕಾಣುವುದೇ ಇಲ್ಲ. ವೆಲ್ಶ್‌ನಿಂದ ಇಂಗ್ಲಿಷ್ ಹುಟ್ಟಿದ್ದರೆ, ಬಿದ್ದುಹೋದ ಪಕಾರ ಮತ್ತೆ ಎಲ್ಲಿಂದ ಬಂದು ಫಕಾರವಾಗಬೇಕು? "ಮೂಲ ರೂಪ" ಎಂಬ ವಾದಕ್ಕೆ ಇದೊಂದೇ ಸಾಕು.

ಪದಪಟ್ಟಿ ಬಿಟ್ಟು ಒಂದು ಇಡೀ ಸಾಲು ನೋಡೋಣ. ಕ್ರೈಸ್ತರ ಪ್ರಾರ್ಥನೆಯ ಮೊದಲ ಸಾಲು ಎರಡೂ ಭಾಷೆಗಳಲ್ಲಿ ಸಿಗುತ್ತದೆ: "ಸ್ವರ್ಗದಲ್ಲಿರುವ ನಮ್ಮ ತಂದೆಯೇ, ನಿನ್ನ ನಾಮ ಪವಿತ್ರವೆಂದು ಎಣಿಸಲ್ಪಡಲಿ." ಸುಮಾರು 1000ದ ಹೊತ್ತಿನ ಹಳೆ ಇಂಗ್ಲಿಷಿನಲ್ಲಿ ಅದು "ಫ್ಯಾದೆರ್ ಊರೆ, ಥೂ ಥೆ ಎಯಾರ್ತ್ ಒನ್ ಹೆಯೊವೊನುಮ್, ಸೀ ಥೀನ್ ನಾಮ ಯೆಹಾಲ್ಗೊದ್." ಸಾಂಪ್ರದಾಯಿಕ ವೆಲ್ಶ್‌ನಲ್ಲಿ "ಐನ್ ತಾದ್, ಅರ್ ಹೂನ್ ವಿತ್ ಅನ್ ಅ ನೆವೊಯ್ದ್, ಸಂಕ್ತೈದ್ಯೆರ್ ದ ಎನು." ವೆಲ್ಶ್ ಪಠ್ಯ ಕೆಲವು ಶತಮಾನ ಈಚಿನದು, ಆದ್ದರಿಂದ ಇದು ಸರಿಸಮದ ತೂಕ ಅಲ್ಲ. ಆದರೂ ನಮ್ಮ ಕೆಲಸಕ್ಕೆ ಸಾಕು.

ಇದರಲ್ಲಿ ನಿಜವಾದ ನೆಂಟರು ಯಾರು? "ನಾಮ" ಮತ್ತು "ಎನು". ಇವೆರಡೂ ನಮ್ಮ "ನಾಮ"ದ ಮೂಲದವೇ. ಹಳೆ ಇಂಗ್ಲಿಷಿನ ರೂಪವಂತೂ ನಮ್ಮ ಕಿವಿಗೆ ಹಾಗೇ ಕೇಳುತ್ತದೆ. "ಥೀನ್" ಮತ್ತು "ದ" ಎಂಬ "ನಿನ್ನ" ಅನ್ನುವ ಪದಗಳೂ ದೂರದಲ್ಲಿ ಒಂದೇ. ಉಳಿದದ್ದು ಹೆಚ್ಚಾಗಿ ಬೇರೆ. "ಫ್ಯಾದೆರ್" ಸಂಸ್ಕೃತದ "ಪಿತೃ"ವಿನ ನೆಂಟ. ವೆಲ್ಶ್‌ನ "ತಾದ್" ಮಕ್ಕಳ ಬಾಯಿಯಲ್ಲಿ ಹುಟ್ಟಿದ ಪದ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. "ಪವಿತ್ರವಾಗಲಿ" ಅನ್ನುವುದಕ್ಕೆ ಹಳೆ ಇಂಗ್ಲಿಷ್ ತನ್ನ ಮನೆಯ ಪದವನ್ನೇ ಬಳಸಿದೆ. ವೆಲ್ಶ್ ಲ್ಯಾಟಿನ್‌ನಿಂದ ತಂದದ್ದನ್ನು ಬಳಸಿದೆ. ರೋಮನ್ನರ ಕೆಳಗೆ ಮುನ್ನೂರೈವತ್ತು ವರ್ಷಕ್ಕೂ ಮೇಲೆ ಇದ್ದ ಭಾಷೆ ಅದು, ಲ್ಯಾಟಿನ್ ಅದರ ಮೂಳೆಯಲ್ಲೇ ಇಳಿದಿದೆ. ಸೇತುವೆ, ಕಿಟಕಿ, ಪುಸ್ತಕ, ಮೀನು, ಕೊನೆಗೆ ತೋಳಿಗೂ ವೆಲ್ಶ್ ಪದ ಲ್ಯಾಟಿನ್ನಿನದೇ. ಸಾವಿರ ವರ್ಷದ ಹಿಂದೆ ಈ ಎರಡು ಸಾಲು ಆಡುವ ಇಬ್ಬರು ಎದುರುಬದುರು ನಿಂತಿದ್ದರೆ ನಡುವೆ ದುಭಾಷಿ ಬೇಕಾಗಿತ್ತು.

ಮತ್ತೆ ಯಾಕೆ ಇವೆರಡೂ ಒಂದೇ ಎನಿಸುತ್ತವೆ? ಮುಖ್ಯ ಕಾರಣ ದನಿ. ಇಂಗ್ಲಿಷಿನ "ಥಿಂಗ್", "ದಿಸ್"ಗಳಲ್ಲಿ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಗಾಳಿ ಬಿಡುವ ಎರಡು ದನಿಗಳು ಯುರೋಪಿನಲ್ಲಿ ಅಪರೂಪ. ಹಳೆ ಇಂಗ್ಲಿಷಿನಲ್ಲೂ ಇವೆ, ವೆಲ್ಶ್‌ನಲ್ಲೂ ಇವೆ. ಗಂಟಲಿನಿಂದ ಬರುವ "ಖ್" ದನಿ ಹಳೆ ಇಂಗ್ಲಿಷಿನ "ನಿಖ್ತ್" ಎಂಬ ರಾತ್ರಿಯಲ್ಲಿ ಇತ್ತು. ಇವತ್ತಿನ ಇಂಗ್ಲಿಷಿನಲ್ಲಿ ಅದು ಕಾಗುಣಿತದಲ್ಲಿ ಮಾತ್ರ ಉಳಿದಿದೆ, ವೆಲ್ಶ್‌ನಲ್ಲಿ ಈಗಲೂ ಬಾಯಲ್ಲಿದೆ. ರೊಟ್ಟಿಗೆ ಹಳೆ ಇಂಗ್ಲಿಷಿನಲ್ಲಿ "ಹ್ಲಾಫ್" ಎನ್ನುತ್ತಿದ್ದರು. ಆ ಮೊದಲ ದನಿ, ಲಕಾರಕ್ಕೆ ನಾಲಿಗೆ ಇಟ್ಟು ಉಸಿರು ಊದುವ ವೆಲ್ಶ್ ದನಿಗೆ ಹತ್ತಿರ. ಹಾಗಾಗಿ ಹಳೆ ಇಂಗ್ಲಿಷನ್ನು ಯಾರಾದರೂ ಗಟ್ಟಿಯಾಗಿ ಓದಿದರೆ, ಇವತ್ತಿನ ಇಂಗ್ಲಿಷ್ ಮಾತ್ರ ಗೊತ್ತಿರುವವರಿಗೆ "ಇದು ವೆಲ್ಶ್ ಇದ್ದ ಹಾಗಿದೆ" ಅನಿಸುತ್ತದೆ. ಅನಿಸುವುದು ಸಹಜ. ಆದರೆ ದನಿ ಹೋಲುವುದು ಬೇರೆ, ರಕ್ತಸಂಬಂಧ ಬೇರೆ.

ವ್ಯಾಕರಣಕ್ಕೆ ಬಂದರೆ ವ್ಯತ್ಯಾಸ ಇನ್ನೂ ಜಾಸ್ತಿ. "ಹುಡುಗಿ ನಾಯಿಯನ್ನು ನೋಡಿದಳು" ಅನ್ನುವುದಕ್ಕೆ ಹಳೆ ಇಂಗ್ಲಿಷ್ "ಥ್ಯಾತ್ ಮ್ಯಾಯ್ದೆನ್ ಯೆಸೆಯಾಖ್ ಥೊನೆ ಹುಂಡ್" ಎನ್ನುತ್ತದೆ. "ಥೊನೆ" ಎಂಬ ರೂಪವೇ "ಅನ್ನು" ಎಂದು ಹೇಳಿಬಿಡುತ್ತದೆ. ನಾಲ್ಕು ಮುಖ್ಯ ವಿಭಕ್ತಿ, ಮೂರು ಲಿಂಗ. ತಮಾಷೆ ಎಂದರೆ ಹುಡುಗಿ ಇಲ್ಲಿ ನಪುಂಸಕಲಿಂಗ. ವೆಲ್ಶ್‌ನಲ್ಲಿ ಅದೇ ಮಾತು "ಗ್ವೇಲೊದ್ ಅ ವೆರ್ಖ್ ಗೀ". ಮೊದಲು ಕ್ರಿಯಾಪದ, ಆಮೇಲೆ ಹುಡುಗಿ, ಕೊನೆಗೆ ನಾಯಿ. ನಾಮಪದಕ್ಕೆ ವಿಭಕ್ತಿ ಇಲ್ಲ. ಲಿಂಗ ಎರಡೇ.

ಈ ಸಾಲಿನಲ್ಲಿ ಇನ್ನೊಂದು ವಿಷಯ ಇದೆ. ನಾಯಿಗೆ "ಕೀ" ಎಂದೆನಲ್ಲ, ಇಲ್ಲಿ "ಗೀ" ಆಗಿದೆ. ಹುಡುಗಿ ಎಂದರೆ "ಮೆರ್ಖ್", ಅದು "ವೆರ್ಖ್" ಆಗಿದೆ. ವೆಲ್ಶ್ ಕಲಿಯುವ ಇಂಗ್ಲಿಷರು ಅತಿ ಹೆಚ್ಚು ಬೈಯುವುದು ಇದನ್ನೇ. ಪದದ ಮೊದಲ ಅಕ್ಷರವೇ ಬದಲಾದರೆ ನಿಘಂಟಿನಲ್ಲಿ ಹುಡುಕುವುದು ಹೇಗೆ ಅಂತ. ನಿಮಗೆ ಮಾತ್ರ ಇದು ಹೊಸದಲ್ಲ. ಹೈಸ್ಕೂಲಿನ ಆದೇಶ ಸಂಧಿ ನೆನಪಿಸಿಕೊಳ್ಳಿ. ಮಳೆ ಮತ್ತು ಕಾಲ ಸೇರಿ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕಣ್ ಮತ್ತು ಪನಿ ಸೇರಿ ಕಂಬನಿ. ಕ, ತ, ಪಗಳ ಜಾಗಕ್ಕೆ ಗ, ದ, ಬ ಬರುತ್ತವೆ. ವೆಲ್ಶ್‌ನ "ಮೃದು ಪಲ್ಲಟ"ದಲ್ಲಿ ಕ, ತ, ಪಗಳಿಗೆ ಆಗುವುದೂ ಅದೇ. ಅಲ್ಲೂ ಇದು ಶುರುವಾದದ್ದು ಅಕ್ಕಪಕ್ಕದ ದನಿಯ ಪ್ರಭಾವದಿಂದಲೇ. ಆಮೇಲೆ ಆ ದನಿಗಳು ಉದುರಿಹೋದವು, ಪಲ್ಲಟ ಮಾತ್ರ ವ್ಯಾಕರಣವಾಗಿ ನಿಂತಿತು. ಬೆಕ್ಕಿಗೆ "ಕಾಥ್". "ನಿನ್ನ ಬೆಕ್ಕು" ಎಂದರೆ "ದ ಗಾಥ್", "ಅವಳ ಬೆಕ್ಕು" ಎಂದರೆ "ಐ ಖಾಥ್", "ನನ್ನ ಬೆಕ್ಕು" ಎಂದರೆ "ವ ಙಾಥ್". ಪದದ ಮೊದಲಿಗೇ ಙಕಾರ! ನಮ್ಮ ವರ್ಣಮಾಲೆಯಲ್ಲಿ ಸುಮ್ನೆ ಕೂತಿರುವ ಅಕ್ಷರಕ್ಕೆ ಅಲ್ಲಿ ಕೈತುಂಬ ಕೆಲಸ. ಹಳೆ ಇಂಗ್ಲಿಷಿನಲ್ಲಿ ಇಂಥದ್ದು ಏನೂ ಇಲ್ಲ. ಅದು ಪದದ ಕೊನೆಯನ್ನೂ ಹೊಟ್ಟೆಯನ್ನೂ ಬದಲಿಸುತ್ತದೆ: ಒಂದು ಪಾದ "ಫೋತ್", ಎರಡಾದರೆ "ಫೇತ್".

ಇಲ್ಲಿ ಒಂದು ವಿಚಿತ್ರ ಇದೆ, ಇದನ್ನು ಜನ ಗಮನಿಸುವುದು ಕಡಿಮೆ. ಬ್ರಿಟಾನಿಕ್ ಭಾಷೆಗೂ ಲ್ಯಾಟಿನ್ ಥರ ವಿಭಕ್ತಿ ಪ್ರತ್ಯಯಗಳಿದ್ದವು. ಐದು, ಆರನೇ ಶತಮಾನದ ಹೊತ್ತಿಗೆ ಪದಾಂತ್ಯಗಳು ಉದುರಿ ಅವು ಹೋದವು. ಸರಿಯಾಗಿ ಅದೇ ಸಮಯಕ್ಕೆ ವಿಭಕ್ತಿಗಳನ್ನೆಲ್ಲ ಹೊತ್ತುಕೊಂಡು ಹಳೆ ಇಂಗ್ಲಿಷ್ ಬಂದಿಳಿಯಿತು. ಹಾಗಾಗಿ 900ರ ಸುಮಾರಿನ ವೆಲ್ಶ್ ಮತ್ತು ಇಂಗ್ಲಿಷನ್ನು ಪಕ್ಕಪಕ್ಕ ಇಟ್ಟರೆ, ಈ ಒಂದು ವಿಷಯದಲ್ಲಿ ಇಂಗ್ಲಿಷೇ ಹಳೆಯ ಕಾಲದ ಭಾಷೆಯಂತೆ ಕಾಣುತ್ತದೆ. ವೆಲ್ಶ್ ಆಗಲೇ ಹೊಸ ಉಡುಪಿನಲ್ಲಿತ್ತು. "ಹೆಚ್ಚು ಹಳೆಯದು ಯಾವುದು" ಎಂಬ ಪ್ರಶ್ನೆಯನ್ನೇ ನಾನು ಇಷ್ಟಪಡದಿರುವುದು ಇದಕ್ಕೇ. "ಯುರೋಪಿನ ಅತಿ ಹಳೆಯ ಭಾಷೆ ವೆಲ್ಶ್" ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಅದನ್ನು ಪ್ರವಾಸಿ ಕರಪತ್ರಗಳಿಗೆ ಬಿಟ್ಟುಬಿಡಿ.

ಆದರೆ ವೆಲ್ಶ್ "ಹಳೆಯದಾಗಿ ಉಳಿದಿದೆ" ಅನಿಸುವುದಕ್ಕೆ ಒಂದು ನ್ಯಾಯವಾದ ಕಾರಣವೂ ಇದೆ. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಡಳಿತ ಫ್ರೆಂಚಿಗೆ ಹೋಯಿತು. ವಿಭಕ್ತಿಗಳು ಸವೆಯುತ್ತಾ ಹೋದವು, ಫ್ರೆಂಚ್ ಪದಗಳು ರಾಶಿ ರಾಶಿ ಒಳಗೆ ಬಂದವು. ಹೀಗಾಗಿ ಇವತ್ತಿನ ಇಂಗ್ಲಿಷ್ ಓದುಗರಿಗೆ ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ಪರಭಾಷೆ. ವೆಲ್ಶ್‌ಗೆ ಇಷ್ಟು ದೊಡ್ಡ ಮುರಿತ ಆಗಲಿಲ್ಲ. ಹದಿನಾಲ್ಕನೇ ಶತಮಾನದ ಹಸ್ತಪ್ರತಿಗಳಲ್ಲಿರುವ ಮಬಿನೋಗಿ ಕಥೆಗಳನ್ನು ಇವತ್ತಿನ ಓದುಬಲ್ಲ ವೆಲ್ಶ್ ಜನ ಟಿಪ್ಪಣಿ ಇಟ್ಟುಕೊಂಡು ಹೇಗೋ ಓದಿಬಿಡುತ್ತಾರೆ. 1588ರ ವಿಲಿಯಂ ಮಾರ್ಗನ್ ಬೈಬಲ್ ಬರಹದ ಭಾಷೆಯನ್ನು ಇನ್ನಷ್ಟು ಹಿಡಿದು ನಿಲ್ಲಿಸಿತು.

ಅಕ್ಕಪಕ್ಕ ಇಷ್ಟು ಶತಮಾನ ಇದ್ದೂ ಒಂದರ ಮೇಲೊಂದು ಪ್ರಭಾವ ಬೀರಲಿಲ್ಲವೇ ಎಂದು ನೀವು ಕೇಳಬಹುದು. ಪದಗಳ ಲೆಕ್ಕದಲ್ಲಿ ನೋಡಿದರೆ ಹಳೆ ಇಂಗ್ಲಿಷಿಗೆ ಬಂದ ಬ್ರಿಟಾನಿಕ್ ಪದಗಳು ತೀರ ಕಡಿಮೆ. ಬ್ಯಾಜರ್ ಎಂಬ ಪ್ರಾಣಿಗೆ "ಬ್ರೊಕ್", ಕಣಿವೆಗೆ "ಕುಂಬ್", ಬಂಡೆಗುಡ್ಡಕ್ಕೆ "ತೊರ್", ಹೀಗೆ ಕೆಲವು. ಆದರೆ ನದಿಗಳ ಹೆಸರು ಹೆಚ್ಚಾಗಿ ಹಳೆಯವೇ ಉಳಿದವು: ಥೇಮ್ಸ್, ಸೆವೆರ್ನ್, ಡರ್ವೆಂಟ್. ಏವನ್ ಅಂದರೆ ವೆಲ್ಶ್‌ನಲ್ಲಿ ನದಿ ಎಂದೇ ಅರ್ಥ. ಬಂದವರು ಅದನ್ನೇ ಹೆಸರೆಂದುಕೊಂಡರು.

ಪದ ಇಷ್ಟು ಕಡಿಮೆ ಇದ್ದದ್ದರಿಂದ ಹತ್ತೊಂಬತ್ತನೇ ಶತಮಾನದ ಇತಿಹಾಸಕಾರರು, "ಹೊರಗಿನಿಂದ ಬಂದವರು ಬ್ರಿಟನ್ನರನ್ನೆಲ್ಲ ಕೊಂದರು, ಇಲ್ಲವೇ ಗುಡ್ಡಕ್ಕೆ ಓಡಿಸಿದರು" ಎಂದು ಬರೆದರು. ಈಗ ಅದನ್ನು ಹಾಗೆಯೇ ಯಾರೂ ಒಪ್ಪುವುದಿಲ್ಲ. 2022ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್‌ಎ ಅಧ್ಯಯನ, ಪೂರ್ವ ಇಂಗ್ಲೆಂಡಿಗೆ ವಲಸೆ ದೊಡ್ಡದಾಗಿಯೇ ಆಗಿತ್ತು, ಆದರೆ ಬಂದವರೂ ಇದ್ದವರೂ ಬೆರೆತರು ಎಂದು ತೋರಿಸಿತು. ವೆಸೆಕ್ಸ್ ಎಂಬ ಇಂಗ್ಲಿಷ್ ರಾಜ್ಯದಲ್ಲಿ 688ರಿಂದ 726ರವರೆಗೆ ಆಳಿದ ಇನೆ ಎಂಬ ದೊರೆಯ ಕಾನೂನಿನಲ್ಲಿ ವೆಲ್ಶ್ ಪ್ರಜೆಗಳ ಉಲ್ಲೇಖ ಇದೆ. ಅವರಲ್ಲಿ ಒಬ್ಬನನ್ನು ಕೊಂದರೆ ಕಟ್ಟಬೇಕಾದ ದಂಡ, ಅದೇ ಅಂತಸ್ತಿನ ಇಂಗ್ಲಿಷಿನವನಿಗಿಂತ ಕಡಿಮೆ. ಪದ ದಾಟಿ ಬರಲಿಲ್ಲ ಏಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಕೆಳಗಿನವರೆಂದು ಎಣಿಸಿದವರ ಮಾತಿನಿಂದ ಮೇಲಿನವರು ಪದ ತರುವುದು ಕಡಿಮೆ. ಕೆಳಗಿನವರೇ ತಮ್ಮ ಮಾತು ಬಿಟ್ಟು ಮೇಲಿನವರದ್ದನ್ನು ಕಲಿಯುತ್ತಾರೆ. ನಮಗೆ ಹೆಸರು ಗೊತ್ತಿರುವ ಮೊದಲ ಇಂಗ್ಲಿಷ್ ಕವಿ ಕ್ಯಾಡ್ಮನ್, ಏಳನೇ ಶತಮಾನದ ವಿಟ್ಬಿಯ ಮಠದಲ್ಲಿದ್ದವನು. ಅವನ ಹೆಸರು ಬ್ರಿಟಾನಿಕ್ ಮೂಲದ್ದು. ಇಂಗ್ಲಿಷಿಗೆ ಬಂದ ಬ್ರಿಟನ್ನರ ಮನೆತನದವನೋ ಏನೋ.

ಹಾಗೆ ಭಾಷೆ ಬದಲಿಸಿದವರು ಪದ ಬಿಟ್ಟರೂ ವಾಕ್ಯ ಕಟ್ಟುವ ರೂಢಿಯನ್ನು ಒಳಗೆ ತಂದರೇ? ವಿದ್ವಾಂಸರು ಇವತ್ತೂ ಜಗಳವಾಡುವುದು ಇಲ್ಲಿ. 1955ರಲ್ಲಿ ಆಕ್ಸ್‌ಫರ್ಡ್ ಪ್ರಾಧ್ಯಾಪಕ ಟೋಲ್ಕಿನ್ ಒಂದು ಉಪನ್ಯಾಸದಲ್ಲಿ ಒಳ್ಳೆಯ ಅಂಶ ಎತ್ತಿದರು. "ಇರು" ಎಂಬ ಕ್ರಿಯಾಪದಕ್ಕೆ ಹಳೆ ಇಂಗ್ಲಿಷಿನಲ್ಲಿ ಎರಡು ಸಾಲು ರೂಪಗಳಿವೆ. ಈಗ ಇರುವುದಕ್ಕೆ "ಇಸ್", ಮುಂದೆ ಇರುವುದಕ್ಕೂ ಯಾವಾಗಲೂ ಇರುವುದಕ್ಕೂ "ಬಿಥ್". ವೆಲ್ಶ್‌ನಲ್ಲೂ ಇದೇ ವಿಂಗಡಣೆ, ಅಲ್ಲಿ ಎರಡನೆಯದು "ಬೀದ್". ನೆಂಟ ಜರ್ಮ್ಯಾನಿಕ್ ಭಾಷೆಗಳಲ್ಲಿ ಇಂಥದ್ದು ಸಿಗುವುದಿಲ್ಲ. ನನಗೆ ಇದು ತೂಕದ ಸಾಕ್ಷಿ ಅನಿಸುತ್ತದೆ. ಆದರೆ ಇಂಗ್ಲಿಷ್ ಪ್ರಶ್ನೆಗಳಲ್ಲಿ ಬರುವ "ಡು" ವೆಲ್ಶ್‌ನಿಂದಲೇ ಬಂತು ಅನ್ನುವ ಜನಪ್ರಿಯ ವಾದ ನನಗೆ ಅಷ್ಟು ಗಟ್ಟಿ ಅನಿಸುವುದಿಲ್ಲ. ಹಳೆ ಇಂಗ್ಲಿಷಿನ ಬರಹದಲ್ಲಿ ಅದು ಇಲ್ಲ, ನಾರ್ಮನ್ನರು ಬಂದ ಎಷ್ಟೋ ಕಾಲದ ನಂತರ ಕಾಣಿಸಿಕೊಳ್ಳುತ್ತದೆ. ಅಷ್ಟು ಶತಮಾನ ಅದು ಬರಹಕ್ಕೆ ಸಿಗದೆ ಬರೀ ಬಾಯಲ್ಲಿ ಅಡಗಿತ್ತು ಎನ್ನುತ್ತಾರೆ. ಇರಬಹುದು, ಆದರೆ ತೋರಿಸಲು ಆಗದು.

ಸರಿ, ಈಗ ನಿಮ್ಮ ಮಗಳ ವಿಷಯ.

ವೆಲ್ಶ್ ಮಾಧ್ಯಮಕ್ಕೆ ಹಾಕಿದರೆ ಇಂಗ್ಲಿಷಿನ ಬೇರು ಗಟ್ಟಿಯಾಗುವುದಿಲ್ಲ, ಮೇಲೆ ಹೇಳಿದೆನಲ್ಲ. ಆದರೆ ಇಂಗ್ಲಿಷ್ ಕೆಡುವುದೂ ಇಲ್ಲ. ಕಾರ್ಡಿಫ್‌ನಲ್ಲಿ ಬೀದಿ, ಟೀವಿ, ಆಟದ ಮೈದಾನ ಎಲ್ಲವೂ ಇಂಗ್ಲಿಷ್. ಅದು ಬೇಡವೆಂದರೂ ಬರುತ್ತದೆ. ಈ ಶಾಲೆಗಳಲ್ಲಿ ಮೊದಲ ವರ್ಷಗಳು ಹೆಚ್ಚುಕಮ್ಮಿ ಪೂರ್ತಿ ವೆಲ್ಶ್, ಏಳು ವರ್ಷದ ಹೊತ್ತಿಗೆ ಇಂಗ್ಲಿಷ್ ಓದು-ಬರಹ ಕ್ರಮವಾಗಿ ಶುರು. ಈ ನಗರದ ವೆಲ್ಶ್ ಶಾಲೆಗಳಲ್ಲಿ ಬಹಳ ಮಕ್ಕಳ ಮನೆಯಲ್ಲಿ ವೆಲ್ಶ್ ಇಲ್ಲ, ನಿಮ್ಮ ಮಗು ಒಂಟಿಯಾಗುವುದಿಲ್ಲ. ನಾಲ್ಕರ ವಯಸ್ಸು ಇದಕ್ಕೆ ಒಳ್ಳೆಯ ಸಮಯ. ತೊಂದರೆ ಎಂದರೆ ಹೋಂವರ್ಕಿಗೆ ನೀವು ಸಹಾಯ ಮಾಡುವುದು ಕಷ್ಟ. ಇನ್ನೊಂದು, ನಾಲ್ಕೈದು ವರ್ಷದಲ್ಲಿ ಲಂಡನ್ನಿಗೋ ಬೆಂಗಳೂರಿಗೋ ಹೋಗುವ ಯೋಚನೆ ಇದ್ದರೆ ಅಲ್ಲಿ ವೆಲ್ಶ್ ಮುಂದುವರಿಯುವುದಿಲ್ಲ, ಇಂಗ್ಲಿಷ್ ಕಾಗುಣಿತಕ್ಕೆ ಸ್ವಲ್ಪ ದಿನ ಒದ್ದಾಟ ಇರುತ್ತದೆ. ಮೂರನೆಯದು, ಅಂಕಿಗಳು. ಶಾಲೆಯಲ್ಲಿ ಹದಿನೆಂಟನ್ನು "ಹತ್ತು-ಎಂಟು" ಎಂದು ಕಲಿಸುತ್ತಾರೆ, ಹಳೆಯ ಜನ "ಎರಡು ಒಂಬತ್ತು" ಎನ್ನುತ್ತಾರೆ. ಮಗು ಗೊಂದಲಪಟ್ಟರೆ ಗಾಬರಿಯಾಗಬೇಡಿ.

ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೂ ವೆಲ್ಶ್ ತಪ್ಪುವುದಿಲ್ಲ. ವೇಲ್ಸ್‌ನ ಸರ್ಕಾರಿ ಶಾಲೆಗಳಲ್ಲಿ 16ರವರೆಗೆ ಅದು ಕಡ್ಡಾಯ. ಆದರೆ ವಿಷಯವಾಗಿ ಕಲಿತವರಲ್ಲಿ ಸಲೀಸಾಗಿ ಮಾತಾಡುವವರು ಕಡಿಮೆ. 2021ರ ಜನಗಣತಿಯಲ್ಲಿ ವೆಲ್ಶ್ ಮಾತಾಡುತ್ತೇವೆ ಎಂದವರು ಶೇ. 17.8, ಅಂದರೆ ಸುಮಾರು 5,38,000 ಜನ. 2011ರಲ್ಲಿ ಶೇ. 19 ಇತ್ತು. 2050ಕ್ಕೆ ಹತ್ತು ಲಕ್ಷ ಮಾಡಬೇಕೆಂಬುದು ಅಲ್ಲಿನ ಸರ್ಕಾರದ ಗುರಿ. ಆದ್ದರಿಂದ ಶಿಕ್ಷಣ, ಆಡಳಿತ, ಮಾಧ್ಯಮದಂಥ ಕೆಲಸಗಳಲ್ಲಿ ವೆಲ್ಶ್ ಬಲ್ಲವರಿಗೆ ಬೇಡಿಕೆ ಇದೆ. ಅಲ್ಲೇ ನೆಲೆಸುವವರಾದರೆ ನಾನು ವೆಲ್ಶ್ ಮಾಧ್ಯಮದ ಕಡೆಗೇ ವಾಲುತ್ತೇನೆ. ಇಲ್ಲವಾದರೆ ಇಂಗ್ಲಿಷ್ ಮಾಧ್ಯಮವೇ ಸಾಕು. ಯಾವ ಶಾಲೆಯಾದರೂ ಮನೆಯ ಕನ್ನಡವನ್ನು ಮಾತ್ರ "ಜಾಗ ಮಾಡಿಕೊಡಲು" ಎಂದು ನಿಲ್ಲಿಸಬೇಡಿ. ಆ ಜಾಗಕ್ಕೆ ವೆಲ್ಶ್ ಬರುವುದಿಲ್ಲ, ಇಂಗ್ಲಿಷ್ ಬರುತ್ತದೆ.

ಇನ್ನು ನಿಮ್ಮ ಓದು. ಬೇವುಲ್ಫ್ ಓದುವುದಕ್ಕೆಂದು ವೆಲ್ಶ್ ಕಲಿಯಬೇಡಿ, ಅದು ಸುತ್ತುದಾರಿ. ನೆರೆಹೊರೆಯವರ ಜೊತೆ ಮಾತಾಡಬೇಕು, ಮಗಳ ಪುಸ್ತಕ ಅರ್ಥವಾಗಬೇಕು ಎಂದಿದ್ದರೆ ಖಂಡಿತ ಕಲಿಯಿರಿ. ವಯಸ್ಕರಿಗೆಂದೇ ರಾಷ್ಟ್ರೀಯ ಕೇಂದ್ರವೊಂದು ತರಗತಿ ನಡೆಸುತ್ತದೆ. ದಕ್ಷಿಣದ ಪಾಠವನ್ನೇ ಕೇಳಿ ತೆಗೆದುಕೊಳ್ಳಿ, ಹಾಲು, "ಈಗ" ಅನ್ನುವಂಥ ದಿನಬಳಕೆಯ ಪದಗಳೂ ಉತ್ತರದಲ್ಲಿ ಬೇರೆ.

ಹಳೆ ಇಂಗ್ಲಿಷ್ ಬೇಕಿದ್ದರೆ ನೇರ ಅದಕ್ಕೇ ಕೈ ಹಾಕಿ. ಅಲ್ಲಿ ಅಪಾಯ ಕಷ್ಟದ ಪದಗಳಿಂದ ಬರುವುದಿಲ್ಲ, ಗೊತ್ತಿರುವಂತೆ ಕಾಣುವ ಪದಗಳಿಂದ ಬರುತ್ತದೆ. "ಸೆಲ್ಲನ್" ಎಂದರೆ ಮಾರುವುದಲ್ಲ, ಕೊಡುವುದು. "ಸ್ತೆಯೊರ್ಫನ್" ಎಂದರೆ ಹಸಿವಲ್ಲ, ಸಾಯುವುದು. "ದೇಯೊರ್" ಎಂದರೆ ಜಿಂಕೆಯಲ್ಲ, ಯಾವುದೇ ಕಾಡುಪ್ರಾಣಿ. ಇಂಗ್ಲಿಷ್ ಚೆನ್ನಾಗಿ ಬಲ್ಲವರೇ ಇಲ್ಲಿ ಹೆಚ್ಚು ಎಡವುತ್ತಾರೆ.

ಬೇವುಲ್ಫ್‌ಗೆ ಮೊದಲೇ ಹೋಗಬೇಡಿ. 3,182 ಸಾಲಿನ ಕಾವ್ಯ, ಪದಕೋಶವೂ ಕಾವ್ಯದ್ದೇ. ಗದ್ಯದಿಂದ ಶುರು ಮಾಡಿ. ಓಹ್ತೆರೆ ಎಂಬ ನಾರ್ವೆಯ ನಾವಿಕ ಆಲ್ಫ್ರೆಡ್ ದೊರೆಗೆ ತನ್ನ ಉತ್ತರದ ಯಾನದ ಕಥೆ ಹೇಳುವ ಒಂದು ಪುಟ್ಟ ಭಾಗ ಇದೆ, ಕಲಿಯುವವರ ಪಠ್ಯಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಅದರ ಮೊದಲ ವಾಕ್ಯ: "ಓಹ್ತೆರೆ ಸ್ಯಾದೆ ಹಿಸ್ ಹ್ಲಾವೊರ್ದೆ, ಆಲ್ಫ್ರೇದೆ ಕ್ಯುನಿಂಗೆ, ಥ್ಯಾತ್ ಹೇ ಎಯಾಲ್ರ ನೊರ್ಥ್‌ಮೊನ್ನ ನೊರ್ಥ್‌ಮೆಸ್ತ್ ಬೂದೆ." ಎಲ್ಲ ಉತ್ತರದವರಿಗಿಂತ ಉತ್ತರಕ್ಕೆ ತಾನು ವಾಸಿಸುತ್ತೇನೆಂದು ಓಹ್ತೆರೆ ತನ್ನ ಒಡೆಯ ಆಲ್ಫ್ರೆಡ್ ದೊರೆಗೆ ಹೇಳಿದ. "ಹ್ಲಾವೊರ್ದೆ", "ಕ್ಯುನಿಂಗೆ" ಪದಗಳ ಕೊನೆಯ ಎಕಾರವೇ ನಮ್ಮ "ಗೆ". ಒಳವಾಕ್ಯದ ಕ್ರಿಯಾಪದ "ಬೂದೆ" ನಮ್ಮಲ್ಲಿಯ ಹಾಗೆ ಕೊನೆಗೆ ಬಂದು ಕೂತಿದೆ. ಈ ಗದ್ಯವನ್ನು ನಿಘಂಟು ಇಟ್ಟುಕೊಂಡು ಕೆಲವು ತಿಂಗಳು ಓದಿ, ವಿಭಕ್ತಿಗಳು ಕಣ್ಣಿಗೆ ಒಗ್ಗಿದ ಮೇಲೆ ಸಣ್ಣ ಪದ್ಯಗಳು, ಬೇವುಲ್ಫ್ ಅದಾದ ಮೇಲೆ.